ಬಾಗಿಲು ಮುಚ್ಚುವ ಕೂಲರ್

ಕಳೆದ ವಾರದ ಸೋಮವಾರ ನಮ್ಮ ಮನೆಯ ಕಂಪ್ಯೂಟರ್ ಮೂರು ಸಲ ಪ್ರಾಣ ಬಿಟ್ಟಿತು. ಮೂರು ಸಲವೂ ಒಂದೇ ಜಾಗದಲ್ಲಿ: ನಾಟಕದ ಕಾಗೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ.

ಕಾಗೆ ಎಂದರೆ ಎಂಟು ವರ್ಷದ ನಿಧಿ. ಶಾಲೆ ಮುಗಿಸಿಕೊಂಡು ನೈರೋಬಿಯ ಹೈರಿಡ್ಜ್‌ನ ನಮ್ಮ ಮನೆಗೆ ಕನ್ನಡ ಕಲಿಯಲು ಬರುವ ಹನ್ನೆರಡು ಮಕ್ಕಳಲ್ಲಿ ಒಬ್ಬಳು. ಕಲಿಸುವವಳು ನನ್ನ ಹೆಂಡತಿ ಶಾರದೆ. ಈ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. (ಪರದೇಶದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಅಂಥವರು ಈ ಸಲ ಮುಕ್ಕಾಲು ಗಂಟೆ ಕನ್ನಡದಲ್ಲೇ ನಾಟಕ ಆಡಿದರು!

ಮೈಸೂರಿನಲ್ಲಿರುವ ನಿಧಿಯ ಅಜ್ಜಿ ಮೊಮ್ಮಗಳ ಬಾಯಲ್ಲಿ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಿದ್ದೇ ಇಲ್ಲ. ಇಲ್ಲಿನ ಕಿಲೆಲೆಶ್ವಾ ಬಡಾವಣೆಯ ಕಾಮತರು ಶುಕ್ರವಾರ ಮೈಸೂರಿಗೆ ಹೊರಡುವವರಿದ್ದರು. ಅವರ ಕೈಯಲ್ಲಿ ನಾಟಕದ ಡಿವಿಡಿ ಕಳಿಸುತ್ತೇವೆಂದು ಶಾರದೆ ಅಜ್ಜಿಗೆ ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ನಾಟಕದ ವಿಡಿಯೋವನ್ನು ಡಿವಿಡಿಗೆ ಇಳಿಸಬೇಕಾದ ಕಂಪ್ಯೂಟರ್ ನೋಡಿದರೆ ಹೀಗೆ.

ರೋಗ ನನಗೆ ಗೊತ್ತಿತ್ತು. ವಿಡಿಯೋ ಕೆಲಸದಲ್ಲಿ ಪ್ರೊಸೆಸರ್ ಕಾದ ಕಾವಲಿಯಾಗುತ್ತದೆ. ಅದನ್ನು ತಣ್ಣಗಿಡಲು ಮೇಲೊಂದು ಕೂಲರ್: ಲೋಹದ ರೆಕ್ಕೆಗಳು, ಅವುಗಳ ಮೇಲೆ ಫ್ಯಾನ್. ನಮ್ಮದು ನಾಲ್ಕು ವರ್ಷ, ದಿನಕ್ಕೆ ಹತ್ತು ಗಂಟೆ ದುಡಿದು ಸೋತಿತ್ತು. ಹೊಸದು ಬೇಕು. ಅಷ್ಟೇ ತಾನೇ?

ಮಂಗಳವಾರ ಬೆಳಿಗ್ಗೆ ಪ್ರದೀಪ ಬಂದ. ಬೆಂಗಳೂರಿನ ಹುಡುಗ, ರಿವರ್‌ಸೈಡ್‌ನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಎಂಜಿನಿಯರ್. ಅವನ ಕೈಯಲ್ಲಿದ್ದ ಕೂಲರ್ ನಮ್ಮ ಇಡ್ಲಿ ಪಾತ್ರೆಯಷ್ಟಿತ್ತು.

“ಅಂಕಲ್, ಇದು ಟಾಪ್ ಮಾಡೆಲ್. ಕಣ್ಮುಚ್ಚಿ ಹಾಕ್ಸಿ.”

ಹಾಕಿದ. ಓಡಿತು. ಆದರೆ ಪೆಟ್ಟಿಗೆಯ ಬಾಗಿಲು ಮುಚ್ಚಲಿಲ್ಲ. ನಮ್ಮದು ತೆಳು ಪೆಟ್ಟಿಗೆ, ಕೂಲರ್ ಎರಡು ಬೆರಳು ಆಚೆ ಚಾಚಿಕೊಂಡಿತ್ತು.

“ಬಾಗಿಲು ಯಾಕೆ ಅಂಕಲ್? ಓಪನ್ನಾಗೇ ಬಿಡಿ. ನಂದು ಎರಡು ವರ್ಷದಿಂದ ಹಂಗೇ ಇದೆ.”

“ಕಳ್ಳರ ಕಾಟದ ನೈರೋಬಿಯಲ್ಲಿದ್ಕೊಂಡು ಬಾಗಿಲು ತೆಗೆದಿಡಿ ಅಂತೀಯಲ್ಲಪ್ಪ!”

ಅವನು ನಕ್ಕ. ನಾನು ನಗಲಿಲ್ಲ. ಮೂವತ್ತೈದು ವರ್ಷ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿದ್ದವನು ನಾನು. ಗಾರ್ಡ್, ಅಂದರೆ ರಕ್ಷಣೆಯ ಮುಚ್ಚಳ, ತೆಗೆದ ಯಂತ್ರಕ್ಕೆ ಸ್ವಿಚ್ ಹಾಕಬಾರದು, ಇದು ಮೊದಲ ದಿನ ಕಲಿತ ಪಾಠ. ಇವತ್ತೊಂದು ದಿನ ಎಂದು ತೆಗೆದ ಗಾರ್ಡ್ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿರುವುದನ್ನು ಕಂಡಿದ್ದೇನೆ. ಮೇಲಾಗಿ ಸಂಜೆ ನಾಲ್ಕಾದರೆ ಆ ಕೋಣೆಯಲ್ಲಿ ಹನ್ನೆರಡು ಮಕ್ಕಳು, ಇಪ್ಪತ್ತನಾಲ್ಕು ಕೈ. ತಿರುಗುವ ಫ್ಯಾನಿನೊಳಗೆ ಪೆನ್ಸಿಲ್ ಹಾಕಿ ನೋಡದ ಮಗು ಉಂಟೇ?

ಬಿಚ್ಚಿಸಿದೆ.

“ಹಠ ಮಾಡ್ತಿದ್ದೀರಿ ಅಂಕಲ್. ಫ್ರೈಡೇಗೆ ಆಗಲ್ಲ ನೋಡಿ” ಎಂದು ಪ್ರದೀಪ ತನ್ನ ಕೂಲರ್ ಎತ್ತಿಕೊಂಡು ಹೋದ.

ಊಟಕ್ಕೆ ಕೂತಾಗ ಶಾರದೆ ಸಾರು ಬಡಿಸುತ್ತಾ ಕೇಳಿದಳು: “ನಿಮ್ಮ ಗಾರ್ಡ್‌ನಿಂದ ಆ ಅಜ್ಜಿಗೆ ಮಗು ಮಾತು ಕೇಳೋದು ತಪ್ಪಬೇಕಾ?”

ನಾನು ಅನ್ನ ಕಲಸಿದೆ.

“ನಂಗೆ ಬಳೆ ತರೋವಾಗ ಅಳತೆಗೆ ಹಳೇ ಬಳೆ ತಗೊಂಡು ಹೋಗಲ್ವಾ? ಆ ಪೆಟ್ಟಿಗೆಗೂ ಒಂದು ಅಳತೆ ಬಳೆ ಮಾಡ್ಕೊಳ್ರೀ. ಊರೆಲ್ಲ ಹುಡುಕೋರು ಅಷ್ಟು ಮಾಡೋಕಾಗಲ್ವಾ?”

ಮೂವತ್ತೈದು ವರ್ಷದ ಸರ್ವಿಸಿಗೆ ಹೊಳೆಯದ್ದು ಒಂದು ಸೌಟು ಸಾರಿನ ಹೊತ್ತಿಗೆ ಹೊಳೆದಿತ್ತು. (ನನಗಲ್ಲ.)

ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಕತ್ತರಿ, ಅಡಿಪಟ್ಟಿ ಹಿಡಿದು ಕೂತೆ. ಪ್ರೊಸೆಸರಿನಿಂದ ಬಾಗಿಲಿಗೆ ಎಪ್ಪತ್ತು ಮಿಲಿಮೀಟರ್. ಅಷ್ಟನ್ನೂ ತುಂಬಿಸಿದರೆ ಫ್ಯಾನ್ ಉಸಿರಾಡುವುದು ಹೇಗೆ? ಇಪ್ಪತ್ತೈದು ಅದಕ್ಕೆ ಬಿಟ್ಟೆ. ಆಚೆ ಈಚೆ ಬೇರೆ ಭಾಗಗಳಿಗೆ ತಾಗಬಾರದು. ಮೂರು ಸಲ ಕತ್ತರಿಸಿದ ಮೇಲೆ ಅಂಗೈಯಗಲದ ಒಂದು ಕುಳ್ಳು ರಟ್ಟಿನ ಡಬ್ಬಿ ಒಳಗೆ ಕೂತಿತು. ಬಾಗಿಲು ಮುಚ್ಚಿತು. ಇದರೊಳಗೆ ಹಿಡಿಸುವ ಕೂಲರ್ ಎಲ್ಲಿದೆಯೋ ಅದೇ ನಮ್ಮದು.

ಬುಧವಾರ ಪೇಟೆ. ಮೊದಲ ಎರಡು ಅಂಗಡಿಯಲ್ಲಿ ಕೂಲರ್‌ಗಳ ಡಬ್ಬಿ ಮೇಲೆ ಏನೆಲ್ಲ ಬರೆದಿತ್ತು! ಫ್ಯಾನಿನ ವೇಗ, ನೀಲಿ ದೀಪ, ಬೆಂಕಿ ಉಗುಳುವ ಹುಲಿಯ ಚಿತ್ರ. ಎತ್ತರವೊಂದು ಬಿಟ್ಟು. ನಾವೂ ಕೇಳುವುದಿಲ್ಲ ಬಿಡಿ. ಸೋಫಾ ಮೆಟ್ಟಿಲಲ್ಲಿ ಸಿಕ್ಕಿಕೊಂಡ ಮೇಲೆ ಮೆಟ್ಟಿಲಿನ ಅಗಲ ಅಳೆಯುವ ಜನ ನಾವು.

ಮೂರನೆಯ ಅಂಗಡಿಯವನು ನನ್ನ ರಟ್ಟಿನ ಡಬ್ಬಿ ನೋಡಿ, “ಮ್ಜೇ, ಕೂಲರ್ ಬೇಕೋ, ಶೂ ಬೇಕೋ?” ಎಂದು ನಕ್ಕ. (ಸ್ವಾಹಿಲಿಯಲ್ಲಿ ಮ್ಜೇ ಎಂದರೆ ಯಜಮಾನರೇ ಎಂದ ಹಾಗೆ.) ನಕ್ಕವನೇ ಒಳಗೆ ಹೋಗಿ ಧೂಳು ಹಿಡಿದ ಒಂದು ಪುಟ್ಟ ಡಬ್ಬಿ ತಂದ. ಚಿಕ್ಕದೆಂದು ಯಾರೂ ಒಯ್ದಿರಲಿಲ್ಲವಂತೆ. ಕುಳ್ಳು ಕೂಲರ್, ತಾಮ್ರದ ತಳ, ನಮ್ಮ ಪ್ರೊಸೆಸರಿಗೇ ಹೊಂದುವಂಥದ್ದು. ರಟ್ಟಿನೊಳಗೆ ಇಟ್ಟೆ. ಬಳೆ ಕೈಗೇರಿದ ಹಾಗೆ ಕೂತಿತು.

“ಸವಾ?” ಸರಿಯಾಯಿತೇ ಎಂದು ಕೇಳಿದ.

“ಸವಾ!” ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮಧ್ಯಾಹ್ನ ಶಾಖ ದಾಟಿಸುವ ಪೇಸ್ಟನ್ನು ಅಕ್ಕಿ ಕಾಳಿನಷ್ಟು ಇಟ್ಟು ಕೂರಿಸಿದೆ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. ಬಾಗಿಲು ಕ್ಲಿಕ್ ಎಂದಿತು. ನಾನು ಕೇಳಿದ ಸಂಗೀತಗಳಲ್ಲಿ ಅದೂ ಒಂದು.

ಗುರುವಾರ ಪ್ರದೀಪ ನನ್ನ ಸೋಲು ನೋಡಲು ಬಂದು ಕೂತ. ಕಾಗೆ ಪರದೆಗೆ ಬಂತು. ಶಾರದೆ ಸೆರಗು ಹಿಡಿದುಕೊಂಡಳು. ಕಾಗೆ ಬಾಯಿ ತೆರೆಯಿತು, ತನ್ನ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿತು, ಹಾರಿಹೋಯಿತು. ಕಂಪ್ಯೂಟರಿಗೆ ಬೆವರೂ ಬಂದಿರಲಿಲ್ಲ. ಸಂಜೆಯೇ ಡಿವಿಡಿ ಕಾಮತರ ಮನೆಯಲ್ಲಿತ್ತು.

ಭಾನುವಾರ ಮೈಸೂರಿನಿಂದ ಫೋನು. “ನಾಲ್ಕು ಸಲ ನೋಡ್ದೆ ಕಣಮ್ಮ. ನಮ್ಮ ಮಗು ‘ಹಸಿವಾಗ್ತಿದೆ’ ಅಂದಾಗ ಎದ್ದು ಅಡುಗೆಮನೆಗೇ ಹೋಗ್ಬಿಟ್ಟಿದ್ದೆ!” ಎಂದರಂತೆ ಅಜ್ಜಿ. ಶಾರದೆ ಅದನ್ನು ನನಗೆ ಎರಡು ಸಲ ಹೇಳಿದಳು.

ನಿನ್ನೆ ಪ್ರದೀಪ ಮತ್ತೆ ಬಂದಿದ್ದ. ಕೆಲಸದವಳು ನೆಲ ಒರೆಸುವಾಗ ಅವನ ಬಾಗಿಲಿಲ್ಲದ ಪೆಟ್ಟಿಗೆಯೊಳಕ್ಕೆ ನೀರು ಹಾರಿತಂತೆ. ತಲೆ ಕೆರೆದುಕೊಳ್ಳುತ್ತಾ, “ಅಂಕಲ್, ಆ ರಟ್ಟಿನ ಡಬ್ಬಿ ಇದೆಯಾ?” ಎಂದ.

ಇನ್ನೊಬ್ಬರ ಕೈಯ ಅಳತೆ ಬಳೆಯನ್ನು ಯಾರಾದರೂ ಸಾಲ ಕೇಳುತ್ತಾರೆಯೇ?