ತವರಿನ ಪಂದ್ಯ

ಬೆಳಕು ಹರಿಯುವ ಮುನ್ನ ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು: ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಪೌಡರ್ ಹಾಕುವುದು. ಹಾಸಿಗೆ ಒದ್ದೆಯಾಗಿದ್ದರೆ ಬಟ್ಟೆ ಬದಲಿಸುವುದು, ಒದ್ದೆಯಾಗದಿದ್ದರೂ ಕೆಳಗಿನ ಪ್ಲಾಸ್ಟಿಕ್ ಹಾಳೆ ಒರೆಸುವುದು. ತೆಗೆದದ್ದನ್ನು ಬಕೆಟ್ಟಿನಲ್ಲಿ ನೆನೆಹಾಕುವುದು. ನಲ್ಲಿ ನಿಲ್ಲುವುದರೊಳಗೆ ಡ್ರಮ್ಮು ತುಂಬಿಸುವುದು. ಒಂದು ಒಲೆಯ ಮೇಲೆ ಅತ್ತೆಯ ಗಂಜಿ, ಇನ್ನೊಂದರ ಮೇಲೆ ಗಂಡನ ಡಬ್ಬಿಯ ಅಡುಗೆ, ನಡುವೆ ಅವನ ಅಂಗಿಗೆ ಇಸ್ತ್ರಿ. ಆಮೇಲೆ ಬಾಗಿಲ ಸಂದಿಯಿಂದ ಒಳಗೆ ಬಿದ್ದ ಪೇಪರನ್ನು ಎತ್ತಿಕೊಂಡು ಬಂದು, ಕ್ರೀಡಾಪುಟವನ್ನು ಅಡುಗೆಕಟ್ಟೆಯ ಮೇಲೆ ಹರಡಿ ನಿಂತೇ ಓದುವುದು.

ಕೊನೆಯದನ್ನು ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಅದು ಕತ್ತಲಿರುವಾಗಲೇ ಆಗಬೇಕು. ಗಂಡ ಎದ್ದನೆಂದರೆ ಪೇಪರು ಅವನ ಸೊತ್ತು. ಸಂಜೆ ಅದು ಅವಳ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಅವನು ಉಗುರು ಕತ್ತರಿಸಿಕೊಂಡಿರುತ್ತಾನೆ.

ಆ ಸೋಮವಾರದ ಪುಟದಲ್ಲಿ, 'ತವರಿನಲ್ಲಿ ಮತ್ತೆ ಮುಗ್ಗರಿಸಿದ ಹಳದಿ ಪಡೆ' ಎಂದಿತ್ತು. ಫುಟ್ಬಾಲ್ ಸೀಸನ್ ಅರ್ಧಕ್ಕೆ ಬಂದಿತ್ತು, ಹಳದಿ ಅಂಗಿಯವರು ಪಟ್ಟಿಯ ತಳದಲ್ಲಿ ಕೆಸರು ಹುಡುಕುತ್ತಿದ್ದರು. ಅದರ ಕೆಳಗೆ, ಯಾರಾದರೂ ಓದಿಯಾರೆಂಬ ಹೆದರಿಕೆಯೋ ಎನ್ನುವಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸುದ್ದಿ: ತಂಡದ ಆರನೇ ನಂಬರಿನ ಆಟಗಾರನನ್ನು ಬೇರೆ ಕ್ಲಬ್ಬಿಗೆ ಮಾರಲಾಗಿದೆ. ಅವಳು ಆ ನಾಲ್ಕು ಸಾಲನ್ನು ಓದುತ್ತ ನಿಂತಳು. ಗಂಜಿ ಉಕ್ಕಿ ಒಲೆಯೆಲ್ಲ ಆಯಿತು. ಒರೆಸುವ ಕೆಲಸ ಒಂದು ಹೆಚ್ಚಾಯಿತು.

ತವರಿನ ಪಂದ್ಯ, ತವರಿನ ಸೋಲು ಎಂದು ಪೇಪರಿನವರು ಬರೆಯುವುದು ಎಲ್ಲ ತಂಡಗಳಿಗೂ ಸರಿಯೇ. ಈ ಮನೆಯಲ್ಲಿ ಮಾತ್ರ ಆ ಮಾತು ಅವಳಿಗೆ ಅಂಟಿಕೊಂಡಿತ್ತು. ಮದುವೆಯಾದ ಹೊಸದರಲ್ಲಿ, ಭಾನುವಾರ ಮಧ್ಯಾಹ್ನ ಹಳದಿ ಮಫ್ಲರ್ ಸುತ್ತಿಕೊಂಡು ಹೊರಟವಳನ್ನು ನೋಡಿ ಗಂಡ, "ಇವಳೇನು ವಾರ ಬಿಟ್ಟು ವಾರ ತವರಿಗೆ ಹೋಗ್ತಾಳಪ್ಪ" ಎಂದಿದ್ದ. ಅತ್ತೆ ನಕ್ಕಿದ್ದರು. ಆಮೇಲೆ ಎಲ್ಲರ ಬಾಯಲ್ಲೂ ಅದೇ. ಎಲ್ಲಿಗೆ ಎಂದು ಕೇಳಿದರೆ ಅವಳೇ "ತವರಿಗೆ" ಎನ್ನುವಷ್ಟು ರೂಢಿಯಾಯಿತು. ವರ್ಷಗಳು ಕಳೆದು ಗಂಡ ಆ ತಮಾಷೆಯನ್ನು ಮರೆತ. ಅವಳ ನಾಲಗೆ ಮರೆಯಲಿಲ್ಲ.

ಮರೆಯದಿರುವುದಕ್ಕೆ ಕಾರಣವಿತ್ತು. ಚಿಕ್ಕವಳಿದ್ದಾಗ, ನೆಲ ಒರೆಸುವಾಗ ಕಾಲಿಗೆ ಅಡ್ಡ ಬರುತ್ತಾಳೆಂದು ಅಮ್ಮ ಅವಳನ್ನು ಅಪ್ಪನ ಹಿಂದೆ ಆ ಮೈದಾನಕ್ಕೆ ಅಟ್ಟುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಅಣ್ಣ ಮನೆ ಮಾರಿದ. ಬಾಗಿಲ ಮೇಲೆ ಈಗ ಬೇರೆ ಯಾರದೋ ಹೆಸರಿನ ಫಲಕ. ಹಾಗಾಗಿ ಹೇಳಿಕೊಳ್ಳಲು ಉಳಿದ ತವರೆಂದರೆ ಸಿಮೆಂಟಿನ ಮೆಟ್ಟಿಲು, ತುಕ್ಕು ಹಿಡಿದ ಕಂಬಿ, ಹುಲ್ಲು ಬೋಳಾದ ಒಂದು ಗೋಲುಪೆಟ್ಟಿಗೆ.

ಅವಳು ಕೆಲಸ ಮಾಡುವುದು ಬಟ್ಟೆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಪ್ಯಾಂಟಿನ ಅಂಚು ಮಡಿಸುವುದು, ಸೊಂಟ ಬಿಡಿಸುವುದು. ಎಲ್ಲರೂ ಅವಳನ್ನು ಆಲ್ಟರೇಷನ್ ಅಕ್ಕ ಎನ್ನುತ್ತಾರೆ. ಎದುರಿನ ಮೇಜಿನ ಕಟಿಂಗ್ ಮಾಸ್ಟರ್ ಕೆಂಪು ಅಂಗಿಯವರ ಅಭಿಮಾನಿ. ಕೆಂಪಿನವರು ಪಟ್ಟಿಯ ನೆತ್ತಿಯಲ್ಲಿದ್ದರು. ಸೋಮವಾರ ಬಂತೆಂದರೆ ಅವನಿಗೆ ಬೆಲ್ಲ ಸಿಕ್ಕಂತೆ.

"ಏನಕ್ಕಾ, ನಿಮ್ಮೋರು ಮತ್ತೆ ಮುಳುಗಿದ್ರಂತೆ?"

"ಮುಳುಗೋಕೆ ಇನ್ನೆಲ್ಲಿದೆ ನೀರು? ತಳದಲ್ಲೇ ಕೂತಿದೀವಿ."

"ಮುಂದೆ ಹೆಂಗೆ ಮತ್ತೆ? ಈ ಡಿವಿಷನ್ನಲ್ಲಿ ಉಳೀತೀರಾ?"

ಅವನು ಕೇಳಿದ್ದು ಕೆಣಕಲು. ಅವಳಿಗೆ ಬೇಕಾಗಿದ್ದದ್ದು ಯಾರಾದರೂ ಕೇಳುವುದು, ಅಷ್ಟೇ. ಸೂಜಿಗೆ ದಾರ ಪೋಣಿಸುತ್ತಲೇ ಶುರುಮಾಡಿದಳು.

"ಉಳಿಯೋ ಲಕ್ಷಣ ಇಲ್ಲ. ಆ ಎಡಗಡೆ ಕಾಯೋ ಬ್ಯಾಕ್ ಇದಾನಲ್ಲ, ಮೊದಲರ್ಧ ಕುದುರೆ, ಎರಡನೇ ಅರ್ಧ ಕತ್ತೆ. ಕ್ಯಾಪ್ಟನ್ನಿಗೆ ಬಾಲ್ ಬಂದ್ರೆ ಬಿಸಿ ಪಾತ್ರೆ ಮುಟ್ಟಿದೋನ ಹಾಗೆ ಆಡ್ತಾನೆ, ತಕ್ಷಣ ಹಿಂದಿನೋನಿಗೆ ದಾಟಿಸಿಬಿಡ್ತಾನೆ. ಗೋಲ್ ಕೀಪರಂತೂ ಹೊಸ ಮದುಮಗಳು, ಗೆರೆ ದಾಟಿ ಆಚೆ ಬರಲ್ಲ. ಇದ್ದೋನು ಒಬ್ಬ, ಆ ಗುಡಿಸೋನು. ಅವನನ್ನೂ ಮಾರ್ಕೊಂಡ್ರು."

"ಯಾವ ಗುಡಿಸೋನು?"

"ಆರನೇ ನಂಬರು. ಉಳಿದ ಹತ್ತು ಜನ ಚೆಲ್ಲಿದ್ದನ್ನ ಹಿಂದೆ ಹಿಂದೆ ಹೋಗಿ ಬಾಚ್ಕೊಂಡು ಬರ್ತಿದ್ನಲ್ಲ, ಅವನು. ಅವನಿದ್ದಾಗ ಎರಡು ಗೋಲಿಗೆ ಸೋಲ್ತಿದ್ವಿ. ಇನ್ನು ಮೇಲೆ ಐದಕ್ಕೆ."

"ಅವನ ದುಡ್ಡಲ್ಲಿ ಗೋಲ್ ಹೊಡೆಯೋನನ್ನ ತರ್ತಾರೆ ಬಿಡಿ ಅಕ್ಕ."

"ಗೋಲ್ ಹೊಡೆಯೋನಿಗೆ ಬಾಲ್ ಯಾರು ತಂದ್ಕೊಡ್ತಾರೆ, ನಿಮ್ಮಪ್ಪನಾ?"

ಕಟಿಂಗ್ ಮಾಸ್ಟರ್ ಹೊಟ್ಟೆ ತುಂಬ ನಕ್ಕ. ನಕ್ಕು, ಕತ್ತರಿಯನ್ನು ಬಟ್ಟೆಯ ಮೇಲೆ ಓಡಿಸತೊಡಗಿದ. ಅವಳ ಬಳಿ ಇನ್ನೂ ಹೇಳುವುದಿತ್ತು. ಕೋಚು ಯಾಕೆ ಬದಲಾಗಬೇಕು, ಮಳೆಗಾಲದ ಹುಲ್ಲಿನ ಮೇಲೆ ಉದ್ದ ಪಾಸು ಯಾಕೆ ಕೂಡದು, ಇನ್ನುಳಿದ ಪಂದ್ಯಗಳಲ್ಲಿ ಯಾವ್ಯಾವುದು ಕೈಗೆಟುಕೀತು. ಎಲ್ಲವನ್ನೂ ಪ್ಯಾಂಟಿನ ಅಂಚಿನೊಳಗೆ ಸೇರಿಸಿ ಹೊಲಿದಳು.

ಮೊದಲಾದರೆ ಅದನ್ನೆಲ್ಲ ಕೇಳಲು ಮೈದಾನದಲ್ಲಿ ಪಕ್ಕದ ಸೀಟಿನ ಡ್ರೈವರ್ ಇದ್ದರು. ಬಸ್ಸು ಓಡಿಸಿ ನಿವೃತ್ತರಾದವರು. ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ. ಅವಳು ಸಣ್ಣ ದನಿಯಲ್ಲಿ ತಪ್ಪು ಹಿಡಿಯುವುದು, ಅವರು ಎದ್ದು ನಿಂತು ಅದನ್ನೇ ಮೈದಾನಕ್ಕೆ ಕೂಗಿ ಹೇಳುವುದು. ಹಾಗೆ ಹಂಚಿಕೊಂಡಿದ್ದರು. ಈ ಸೀಸನ್ನಿನ ಒಂದು ಸೋಲಿನ ದಿನ ಅವರು, "ನನ್ ಕೈಲಾಗಲ್ಲ ತಾಯಿ, ಬಿಪಿ ಏರ್ತದೆ" ಎಂದು ಎದ್ದು ಹೋದವರು ಮತ್ತೆ ಬರಲಿಲ್ಲ. ಅವರ ಸೀಟಿನ ಮೇಲೆ ಅವಳು ಬ್ಯಾಗು ಇಡತೊಡಗಿದಳು.

ಅತ್ತೆ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅಂಗಡಿಯ ದಿನಗಳಲ್ಲಿ ಒಬ್ಬ ಆಯಾ ಇರುತ್ತಿದ್ದಳು, ಅವಳಿಗೆ ರಜೆಯಾದ ಭಾನುವಾರದ ಮಧ್ಯಾಹ್ನಕ್ಕೆ ಬೇರೊಂದು ಏರ್ಪಾಡಾಗಿತ್ತು. ತವರಿನ ಪಂದ್ಯವಿದ್ದ ದಿನ ನಾದಿನಿ ಬಂದು ತಾಯಿಯ ಬಳಿ ಕೂರುವುದು. ಮುಂದಿನ ತವರಿನ ಪಂದ್ಯದ ಹಿಂದಿನ ದಿನ, ಶನಿವಾರ ಸಂಜೆ, ನಾದಿನಿ ತಾಯಿಯ ಕಾಲಬುಡದಲ್ಲಿ ಕೂತು ಕಿತ್ತಳೆ ಸುಲಿಯುತ್ತ ಅದನ್ನು ಮುರಿದಳು.

"ಅತ್ತಿಗೆ, ನಾಳೆಯಿಂದ ನಂಗಾಗಲ್ಲ."

"ಯಾಕೆ, ಏನಾಯ್ತು?"

"ಆಗೋದೇನು? ನಂಗೂ ಒಂದು ಭಾನುವಾರ ಅಂತ ಬೇಡ್ವಾ? ನಿಮ್ಮೋರು ಗೆಲ್ತಿದ್ರೆ ಬೇರೆ ಮಾತು. ಸೋಲೋದು ನೋಡೋಕೆ ನೀವು ಹೋಗೋದು, ಅದಕ್ಕೆ ನಾನಿಲ್ಲಿ ಕಾವಲು ಕೂರೋದು."

ನಾದಿನಿಯ ಮನೆಯಲ್ಲೂ ಭಾನುವಾರವೆಂದರೆ ಬಟ್ಟೆಯ ರಾಶಿ ಎಂಬುದು ಅವಳಿಗೆ ಗೊತ್ತಿತ್ತು. ಸಿಟ್ಟು ಬರಲಿಲ್ಲ. ಟಿವಿಯ ಎದುರಿನ ಕುರ್ಚಿಯಿಂದ ಗಂಡ ತೀರ್ಪು ಕೊಟ್ಟಾಗ ಬಂತು.

"ಅವಳು ಹೇಳೋದ್ರಲ್ಲಿ ತಪ್ಪೇನಿದೆ? ಆ ಟೀಮ್ ಕಥೆ ಮುಗೀತು. ನಾಳೆಗೆ ಗ್ರೌಂಡಿನ ಪಾಸೂ ಮುಗಿಯುತ್ತಲ್ಲ, ಇನ್ನರ್ಧ ಸೀಸನ್ನಿಗೆ ತಗೋಬೇಡ. ಬಿಟ್ಟುಬಿಡು."

"ಭಾನುವಾರ ನೀವು ಮನೇಲೇ ಇರ್ತೀರಲ್ಲ."

"ನಾನಿದ್ದು? ಅದೆಲ್ಲ ನಂಗೆ ಬರುತ್ತಾ?"

ಅವಳಿಗೂ ಅದೆಲ್ಲ ಹುಟ್ಟುವಾಗಲೇ ಬಂದಿರಲಿಲ್ಲ. ಆಸ್ಪತ್ರೆಯ ನರ್ಸು ಮಂಚದ ಆಚೆ ಈಚೆ ನಿಂತಿದ್ದ ಇಬ್ಬರಿಗೂ ತೋರಿಸಿಕೊಟ್ಟಿದ್ದಳು. ಆಗ ಅವನ ಫೋನು ಬಡಿದುಕೊಂಡು, ಅವನು ಹೊರಗೆ ಹೋಗಿದ್ದ. ಇದನ್ನು ಹೇಳಲು ಬಾಯಿ ತೆರೆದವಳು ಸಿಂಕಿನಲ್ಲಿ ಬಿದ್ದಿದ್ದ ಪಾತ್ರೆಗಳ ಕಡೆ ತಿರುಗಿ "ಆಯ್ತು" ಎಂದಳು.

ಆ 'ಆಯ್ತು' ಎಂದರೆ ಕೇಳಿಸಿತು ಎಂದಷ್ಟೇ ಅರ್ಥ. ಗಂಡ ಅದನ್ನು ಒಪ್ಪಿಗೆಯೆಂದು ತಿಳಿದು ಟಿವಿಯ ಸದ್ದು ಏರಿಸಿದ. ನಾದಿನಿ ಕಿತ್ತಳೆಯ ಸಿಪ್ಪೆಯನ್ನು ಮಂಚದ ಕೆಳಗೆ ಸರಿಸಿ ಮನೆಗೆ ಹೋದಳು.

ಭಾನುವಾರ ಅತ್ತೆಗೆ ಊಟ ಮಾಡಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿದಳು. ನೀರಿನ ಲೋಟ ಕೈಗೆಟುಕುವಲ್ಲಿಟ್ಟಳು. ಗಂಡ ಉಂಡು ಟಿವಿಯ ಮುಂದೆ ಬಾಯಿ ತೆರೆದು ನಿದ್ದೆ ಹೋಗಿದ್ದ.

"ಅತ್ತೆ, ನಾನು ಬರ್ತೀನಿ. ಏನಾದ್ರೂ ಬೇಕಂದ್ರೆ ಮಗನ್ನ ಕರೀರಿ. ಇಲ್ಲೇ ಇದಾರೆ."

ಅತ್ತೆ ಮಫ್ಲರನ್ನು ನೋಡಿದರು. "ತವರಿಗಾ?"

"ಹ್ಞೂಂ."

"ಬಾಗಿಲು ಮೆಲ್ಲಗೆ ಎಳ್ಕೋ. ಸದ್ದಾದ್ರೆ ಅವನು ಏಳ್ತಾನೆ."

ಮೆಟ್ಟಿಲಲ್ಲಿ, ಮೇಲಿನ ಮನೆಗೆ ಹೊಸದಾಗಿ ಬಂದ ಹೆಂಗಸು ಎದುರಾದಳು. "ಎಲ್ಲಿಗಕ್ಕ, ಬ್ಯಾಗ್ ಹಿಡ್ಕೊಂಡು ಹೊರಟ್ರಿ?"

"ತವರಿಗೆ" ಎಂದು ಹೇಳಿ ಇಳಿದುಹೋದಳು.

ಮೈದಾನದಲ್ಲಿ ಅವಳ ಸಾಲು ಪೂರ್ತಿ ಖಾಲಿಯಿತ್ತು. ಅವಳು ಹೇಳಿದ್ದಂತೆಯೇ ಆಯಿತು, ಆದರೆ ಹೇಳಿದ್ದು ನಿಜವಾಯಿತೆಂದು ಹಿಗ್ಗುವಂಥ ವಿಷಯವಲ್ಲ ಅದು. ಗುಡಿಸೋನು ಇರುತ್ತಿದ್ದ ಜಾಗದಲ್ಲಿ ದೊಡ್ಡದೊಂದು ಬಯಲು. ಎದುರಾಳಿಗಳು ಅದರೊಳಗೆ ಸಂಜೆಯ ವಾಕಿಂಗಿಗೆ ಬಂದವರ ಹಾಗೆ ಓಡಾಡಿದರು. ಎರಡು ಗೋಲು ಬಿತ್ತು. ಪ್ರತಿ ಸಲವೂ ಹಳದಿ ಅಂಗಿಯವರು ಹಿಂದಿರುಗಿ ನೋಡಿದರು, ಅಲ್ಲಿ ಯಾರೋ ಇರಬೇಕಿತ್ತಲ್ಲ ಎಂಬಂತೆ. ಅವಳಿಗೆ ನಗು ಬಂತು. ನಕ್ಕದ್ದನ್ನು ತೋರಿಸಲು ಪಕ್ಕದಲ್ಲಿ ಇದ್ದದ್ದು ಬ್ಯಾಗು.

ಅರ್ಧ ವಿರಾಮಕ್ಕೆ ಇದ್ದವರೂ ಎದ್ದು ಗೇಟಿನತ್ತ ನಡೆದರು. ಅವಳು ಮೆಟ್ಟಿಲಿಳಿದು ಪಾಸಿನ ಕಿಟಕಿಯ ಮುಂದೆ ನಿಂತಳು. ಇನ್ನರ್ಧ ಸೀಸನ್ನಿನ ಪಾಸು ಕೊಡುವುದು ಇವತ್ತೇ ಕೊನೆ, ಅದೂ ಆಟ ಮತ್ತೆ ಶುರುವಾಗುವವರೆಗೆ ಮಾತ್ರ. ಸಾಲು ಇರಲಿಲ್ಲ. ಒಳಗೆ ಕೂತ ಗುಮಾಸ್ತೆ ಹೆಂಗಸು ಮೊಟ್ಟೆ ಸುಲಿಯುತ್ತಿದ್ದಳು. ಪಾಸು ಕೇಳಲು ಇವಳು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು.

"ಎಲ್ಲಿದ್ದೀಯ?" ಗಂಡನ ದನಿ. ಆದರೆ ಈ ದನಿಯನ್ನು ಅವಳು ಕೇಳಿ ಬಹಳ ಕಾಲವಾಗಿತ್ತು. ಮೆತ್ತಗೆ, ಹುಷಾರಾಗಿ, ತುಂಬಿದ ಪಾತ್ರೆ ಹಿಡಿದು ನಡೆಯುವವನ ಹಾಗೆ ಮಾತಾಡುತ್ತಿದ್ದ.

"ಯಾಕೆ, ಅತ್ತೆಗೇನಾದ್ರೂ—"

"ಅಮ್ಮ ಆರಾಮಾಗಿದ್ದಾಳೆ. ನಾನೇ ಬಟ್ಟೆ ಬದಲಾಯಿಸ್ದೆ. ತಂಗಿ ಬಂದು ಗಂಜಿ ಕುಡಿಸ್ತಿದಾಳೆ. ನೀನೇನೂ ಯೋಚ್ನೆ ಮಾಡ್ಬೇಡ. ನಿನ್ನೆ ನಾನು ಹಂಗಂದಿದ್ದು ತಪ್ಪು, ಬಿಡು. ಮಾತಾಡೋಣ. ಮೇಲಿನ ಮನೆಯವ್ರು ಹೇಳಿದ್ರು, ಬ್ಯಾಗ್ ತಗೊಂಡು ತವರಿಗೆ ಹೋದ್ರು ಅಂತ. ನಾನು ನಂಬ್ಲಿಲ್ಲ. ಅಮ್ಮನ್ನ ಕೇಳಿದ್ರೆ ಅವಳೂ ಹಂಗೇ ಅಂತಾಳೆ."

ಹಿಂದಿನಿಂದ ನಾದಿನಿ, "ಅತ್ತಿಗೆ ಅಳ್ತಿದಾರಾ ಕೇಳು" ಎನ್ನುವುದು ಕೇಳಿಸಿತು.

ಅವಳಿಗೆ ಅರ್ಥವಾಯಿತು. ಮೈದಾನ ಎಷ್ಟು ಖಾಲಿಯಿತ್ತೆಂದರೆ, ಅವಳೆಲ್ಲಿದ್ದಾಳೆಂದು ಫೋನಿನಲ್ಲಿ ಹೇಳಿಕೊಡಲು ಒಂದು ಕೂಗೂ ಇರಲಿಲ್ಲ. ಮೊದಲು ಅವಳಿಗೆ ಹಿತವಾಯಿತು. ಬರುವುದಿಲ್ಲವೆಂದಿದ್ದವರಿಗೆ ಅದೆಲ್ಲ ಒಂದೇ ಮಧ್ಯಾಹ್ನದಲ್ಲಿ ಬಂದಿತ್ತು. ಆಮೇಲೆ ಇನ್ನೊಂದು ಹೊಳೆಯಿತು, ಅದು ಹಿತವಾಗಿರಲಿಲ್ಲ. ಅವಳು ಯಾವ ಮನೆಗೆ ಹೋಗಿದ್ದಾಳೆಂದು ಇವರು ತಿಳಿದಿದ್ದಾರೆ? ಆ ಮನೆ ಮಾರಿದಾಗ ಅಮ್ಮನ ಬೀರುವನ್ನು ಹೊರಗೆ ಹೊತ್ತು ತಂದವನು ಈ ಗಂಡನೇ. ಅದು ಅವನ ನೆನಪಿನಲ್ಲೂ ಇಲ್ಲ. ಹೆಂಡತಿಯೆಂದರೆ ಒಂದು ತವರು ಇದ್ದೇ ಇರುತ್ತದೆ, ಮುನಿಸಿಕೊಂಡರೆ ಅಲ್ಲಿಗೆ ಹೋಗುತ್ತಾಳೆ, ಸಮಾಧಾನ ಮಾಡಿದರೆ ಬರುತ್ತಾಳೆ. ಅಷ್ಟೇ ಅವನ ಲೆಕ್ಕ.

ಸುಮ್ಮನಿದ್ದರೆ ಸಾಕಿತ್ತು. ಈ ಮೆತ್ತನೆಯ ದನಿ ಇನ್ನೆರಡು ತಿಂಗಳಾದರೂ ಬಾಳುತ್ತಿತ್ತು. ನಾಲ್ಕು ಭಾನುವಾರ ತಾನಾಗಿ ಸಿಗುತ್ತಿತ್ತು. ಆಮೇಲೆ, ಮತ್ತೊಮ್ಮೆ ಬೇಕಾದಾಗ ಮತ್ತೊಮ್ಮೆ ಬ್ಯಾಗು ಹಿಡಿದು ಹೆದರಿಸಬೇಕು.

"ನಾನು ಗ್ರೌಂಡಲ್ಲಿದೀನಿ" ಎಂದಳು.

"ಎಲ್ಲಿ?"

"ಫುಟ್ಬಾಲ್ ಗ್ರೌಂಡು. ಎರಡು ಸೊನ್ನೆ. ಸೋಲ್ತಿದೀವಿ."

ಆಚೆ ಕಡೆ ಹಳೆಯ ದನಿ ತನ್ನ ಕುರ್ಚಿಗೆ ಬಂದು ಕೂತಿತು. "ಥೂ ನಿನ್ನ. ಇಲ್ಲಿ ನಮ್ ಜೀವ ಹೋಗ್ತಿದೆ, ನೀನಲ್ಲಿ ಬಾಲ್ ನೋಡ್ತಾ ಕೂತಿದೀಯಾ? ಸೋತಾಯ್ತಲ್ಲ, ಇನ್ನೇನು ನೋಡೋದಿದೆ, ಎದ್ದು ಬಾ. ತಂಗಿ ಹೊರಟ್ಲು."

"ಅವಳನ್ನ ಕಳಿಸಿ, ಪಾಪ. ನೀವಿದೀರಲ್ಲ. ಅತ್ತೇನ ಸಂಜೆ ಬಲಮಗ್ಗುಲಿಗೆ ತಿರುಗಿಸ್ಬೇಕು, ಮೊಣಕಾಲ ಸಂದಿಗೆ ದಿಂಬು ಇಡೋದು ಮರೀಬೇಡಿ. ಬರೋ ಭಾನುವಾರಗಳಲ್ಲೂ ಹೀಗೇ."

"ಅಂದ್ರೆ?"

"ಮನೆಗೆ ಬಂದು ಹೇಳ್ತೀನಿ" ಎಂದು ಫೋನು ಇಟ್ಟಳು. ಕೈಗಳೆರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಊರಿಕೊಂಡಳು.

ಗುಮಾಸ್ತೆ ಮೊಟ್ಟೆಯ ಸಿಪ್ಪೆಯನ್ನು ಕಾಗದದಲ್ಲಿ ಮಡಚುತ್ತ ಕೇಳಿದಳು. "ಪಾಸು ಬೇಕೋ ಬೇಡ್ವೋ ಅಮ್ಮ? ಬೆಳಿಗ್ಗೆಯಿಂದ ಎಲ್ರೂ ಬೇಡ ಅನ್ನೋಕೇ ಬರ್ತಿದಾರೆ. ಹೆಂಗಿದ್ರೂ ಕೆಳಗಿನ ಡಿವಿಷನ್ನಿಗೆ ಹೋಗೋದೇ ಅಂತೆ."

"ಹೋಗೋದೇ. ಅದರಲ್ಲಿ ಅನುಮಾನ ಇಲ್ಲ."

"ಮತ್ತೆ?"

ಮೈದಾನದೊಳಗೆ ಹಳದಿ ಅಂಗಿಯವರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದರು, ಯಾರೋ ಕರೆದರೆಂದು ಬಂದವರ ಹಾಗೆ. ಎಡಗಡೆ ಬ್ಯಾಕು ಆಗಲೇ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದ.

"ಒಂದು ಕೊಡಿ" ಎಂದಳು.

"ಅದೇ ಸೀಟಾ?"

ಅವಳು ಹಿಂದಿರುಗಿ ತನ್ನ ಸಾಲನ್ನೊಮ್ಮೆ ನೋಡಿದಳು. ತನ್ನ ಸೀಟು, ಪಕ್ಕದಲ್ಲಿ ಡ್ರೈವರರದ್ದು.

"ಬೇಡ. ಎಲ್ಲಕ್ಕಿಂತ ಮುಂದಿನ ಸಾಲಲ್ಲಿ ಕೊಡಿ, ಗೆರೆ ಪಕ್ಕ. ಕೂಗಿದ್ರೆ ಅವ್ರಿಗೆ ಕೇಳಿಸ್ಬೇಕು."