ಯಾರೂ ಒಯ್ಯದ ಹಸಿರು ಸೀರೆ

ಮಕ್ಕಳೇ, ಆ ಭಾನುವಾರ ನಮ್ಮ ಮನೆಯಲ್ಲಿ ಸೀರೆ ಬದಲಾಯಿಸಿಕೊಳ್ಳುವ ಕೂಟ ಮುಗಿದು ಎಲ್ಲರೂ ಹೋದ ಮೇಲೆ ನಿಮ್ಮಲ್ಲಿ ದೊಡ್ಡವಳು ನನ್ನ ಹತ್ತಿರ ಬಂದು, "ಆಜಿ, ಕ್ಯಾ ಹುವಾ? ಇತನೀ ಚುಪ್ ಕ್ಯೂಂ ಹೋ?" ಎಂದು, ನಾನೇಕಿಷ್ಟು ಸುಮ್ಮನಿದ್ದೇನೆಂದು ಹಿಂದಿಯಲ್ಲಿ ಕೇಳಿದಳು. ಸಿಟ್ಟು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದಿದ್ದರೆ ನಿಮ್ಮಪ್ಪ ಓದಿ ಹೇಳಲಿ.

ಕೂಟದ ವಿಚಾರ ಹೇಳಿದ್ದೂ ದೊಡ್ಡವಳೇ. ಅವಳ ಕಾಲೇಜಿನ ಹುಡುಗಿಯರು ತಾವು ಹಾಕದ ಬಟ್ಟೆ ತಂದು ಒಂದು ಕಡೆ ಇಡುತ್ತಾರಂತೆ, ಬೇಕಾದವರು ಬೇಕಾದ್ದನ್ನು ಒಯ್ಯುತ್ತಾರಂತೆ. ನನಗೆ ಅದು ಸೇರಿತು. ನಮ್ಮಲ್ಲಿ ಹಳೆಯ ಸೀರೆಗೆ ಎರಡೇ ದಾರಿ. ಒಂದು ಹೊದೆಯಲು ಹೊಲಿಯುವ ಕೌದಿ, ಇನ್ನೊಂದು ಮೆಟ್ಟಿಲು ಹತ್ತಿ ಬಂದು ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಬಾಂಡೆವಾಲಿ. ಅಡುಗೆಮನೆಯ ಅರ್ಧ ಡಬ್ಬಿಗಳು ನಿಮ್ಮಪ್ಪನ ಹಳೆಯ ಪ್ಯಾಂಟುಗಳಿಂದಲೇ ಬಂದವು. ಆದರೆ ಇನ್ನೂ ಚೆನ್ನಾಗಿದ್ದು ಉಡಲಾಗದ ಸೀರೆಯನ್ನು ಏನು ಮಾಡಬೇಕು?

ನನ್ನ ಬಳಿ ಅಂಥದ್ದೊಂದಿತ್ತು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ನಿಮ್ಮ ಅಜ್ಜ ರಬಾಳೆಯ ಕಾರ್ಖಾನೆಯಲ್ಲಿ ದೀಪಾವಳಿಯ ಬೋನಸ್ ಬಂದಾಗ ತಂದದ್ದು. ಅವರು ತೀರಿಹೋದ ಮೇಲೆ ನಾನು ಅದನ್ನು ಉಡಲಿಲ್ಲ. ಉಡಬೇಡ ಎಂದು ಯಾರೂ ಹೇಳಿರಲಿಲ್ಲ. ಕಪಾಟು ತೆರೆದರೆ ಕೈ ತಾನಾಗಿ ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತಿತ್ತು. ಮಡಿಕೆಯಲ್ಲೇ ಅದು ಹರಿದುಹೋಗುವ ಮೊದಲು ಯಾರಾದರೂ ಉಡಲಿ, ಅದನ್ನು ಉಟ್ಟವರನ್ನು ನಾನು ನೋಡಬೇಕು ಎಂಬ ಒಂದೇ ಆಸೆ ನನಗೆ.

ಕರೆದದ್ದು ನಮ್ಮ ಗುರುವಾರದ ಭಜನೆಯ ಹೆಂಗಸರನ್ನು. ಎಲ್ಲರೂ ನಮ್ಮ ಕಡೆಯವರೇ, ವಿಜಯಪುರ, ಕಲಬುರಗಿಯಿಂದ ಬಂದು ಈ ಠಾಣೆ ಊರಲ್ಲೇ ಮುದುಕಿಯರಾದವರು. ಎದುರುಮನೆಯವಳು ತನ್ನ ಹೊಸ ಸೊಸೆಯನ್ನೂ ಕರೆತಂದಳು. ಈ ಎದುರುಮನೆಯವಳು ನನಗೆ ಒಂದೇ ಕೋಣೆಯ ಸಾಲುಮನೆಗಳ ಚಾಳಿನ ಕಾಲದಿಂದ ಗೆಳತಿ. ಫ್ಲ್ಯಾಟು ಕೊಳ್ಳುವಾಗಲೂ ಒಂದೇ ಮಹಡಿ ನೋಡಿ ಕೊಂಡವರು ನಾವು.

ನಾನು ಚುರುಮುರಿಯ ಸೂಸಲಾ, ಮೆಣಸಿನಕಾಯಿ ಭಜಿ ಮಾಡಿದ್ದೆ. ಯಾರದು ಯಾವುದು ಎಂದು ಹೇಳದೆ ಎಲ್ಲವನ್ನೂ ದಿವಾನದ ಮೇಲೆ ರಾಶಿ ಹಾಕಬೇಕೆಂದು ದೊಡ್ಡವಳು ನಿಯಮ ಮಾಡಿದ್ದಳು. ಹೆಂಗಸರು ಕೇಳಬೇಕಲ್ಲ.

"ಇದು ನಿನ್ನ ಮಗಳ ಲಗ್ನದಾಗ ಉಟ್ಟದ್ದಲ್ಲೇನ? ಅವತ್ತೂ ನಿನಗ ಒಪ್ಪಿದ್ದಿಲ್ಲ."

"ಒಪ್ಪಿದ್ದಿಲ್ಲಂತನ ತಂದೀನಿ. ನೀ ಒಯ್ದು ಒಪ್ಪಸಕೋ."

"ಈ ಜಂಪರಿನ್ಯಾಗ ನನ್ನ ಒಂದ ತೋಳ ಹಿಡೀತೈತಿ ನೋಡ."

ಇಷ್ಟರವರೆಗೆ ನಾನೂ ನಕ್ಕೆ. ಆಮೇಲೆ ಒಬ್ಬಳು ನನ್ನ ಮಡಿಲಲ್ಲಿ ಒಂದು ಸೀರೆ ತಂದಿಟ್ಟಳು. "ವೈನಿ, ಇದನ್ನ ನಿಮ್ಮ ಸಲುವಾಗೇ ತಂದೀನಿ." ಬೂದಿ ಬಣ್ಣ. ಇನ್ನೊಬ್ಬಳು ತಂದಿಟ್ಟಳು, ಅದು ಬಿಸ್ಕೀಟಿನ ಬಣ್ಣ. ಎದುರುಮನೆಯವಳು ತಂದದ್ದು ಅಕ್ಕಿ ತೊಳೆದ ನೀರಿನ ಬಣ್ಣ. ಪ್ರತಿಯೊಬ್ಬರೂ ಮನೆಯಲ್ಲೇ ಯೋಚಿಸಿ, ನನಗೆಂದು ಬೇರೆ ತೆಗೆದಿಟ್ಟು ತಂದಿದ್ದರು. ರಾಶಿಯಲ್ಲಿ ಕೈ ಹಾಕಿ ಆರಿಸುವ ಕೆಲಸ ಅವರದು, ನನ್ನದು ಮಡಿಲು ಒಡ್ಡುವುದು. ನಾನು ಸುಮ್ಮನೆ ತೆಗೆದುಕೊಂಡೆ. ಸಂಕೋಚದವಳಿಗೆ ಬೇಡ ಎನ್ನುವುದಕ್ಕೂ ಹೊತ್ತು ಬೇಕು.

ಅಷ್ಟರಲ್ಲಿ ಆ ಹೊಸ ಸೊಸೆ ರಾಶಿಯಿಂದ ನನ್ನ ಹಸಿರು ಸೀರೆ ಎಳೆದಳು. ಹಾಕಿಕೊಂಡ ಡ್ರೆಸ್ಸಿನ ಮೇಲೆಯೇ ಸುತ್ತಿಕೊಂಡು, ಕೆಂಪು ಸೆರಗನ್ನು ಭುಜದ ಮೇಲೆ ಬಿಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಎಲ್ಲರೂ ತಿರುಗಿ ನೋಡಿದರು; ನಾನು ಅದನ್ನು ಉಟ್ಟು ಎಷ್ಟೋ ವರ್ಷವಾಗಿತ್ತು, ಯಾರಿಗೂ ಗುರುತು ಸಿಗಲಿಲ್ಲ. ಅವಳ ಅತ್ತೆಯೇ, "ಇಂಥಾ ಇಳಕಲ್ಲ ಈಗ ಎಲ್ಲಿ ಸಿಗತಾವವ್ವಾ? ತಗೋ, ನಿನಗ ಭಾಳ ಚಂದ ಕಾಣತೈತಿ" ಎಂದಳು.

"ಯಾರದಿದು?" ಎಂದು ಹುಡುಗಿ ಕೇಳಿದಳು.

ಹೇಳಬಾರದೆಂಬ ನಿಯಮವಿತ್ತು. ಆದರೆ ನನಗೆ ಖುಷಿ ತಡೆಯಲಾಗಲಿಲ್ಲ. "ನಂದು" ಎಂದೆ.

ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣು ಸಣ್ಣದು ಮಾಡಿದಳು. ಹುಡುಗಿಯ ಒಂದು ಕೈ ಕೊರಳಿನ ತಾಳಿಗೆ ಹೋಯಿತು, ಇನ್ನೊಂದು ಕೈ ಸೀರೆ ಬಿಚ್ಚತೊಡಗಿತು. ಬಿಸಿ ಪಾತ್ರೆ ಮುಟ್ಟಿದವರು ಹೇಗೆ ಬಿಡುತ್ತಾರೋ ಹಾಗೆ ಬಿಟ್ಟಳು. ಆ ರಾಶಿಯಿಂದ ಎಲ್ಲವೂ ಯಾರದೋ ಚೀಲ ಸೇರಿದವು. ಹಸಿರು ಸೀರೆಯೊಂದೇ ದಿವಾನದ ಮೇಲೆ ಮುದ್ದೆಯಾಗಿ ಬಿದ್ದಿತ್ತು.

ಎದುರುಮನೆಯವಳು ಪಕ್ಕಕ್ಕೆ ಬಂದು ಕುಳಿತಳು. "ವೈನಿ, ತಪ್ಪ ತಿಳೀಬ್ಯಾಡ್ರಿ. ಹೊಸಾ ಮದಿವಿ ಹುಡುಗಿ. ಅದರಾಗ ಹಸರ ಸೀರಿ. ನೀವ ಸ್ವಲ್ಪ ವಿಚಾರ ಮಾಡಬೇಕಿತ್ತು." ಇಷ್ಟು ಹೇಳಿ ತಟ್ಟೆ ಮುಂದೆ ಮಾಡಿದಳು, ಇನ್ನೆರಡು ಭಜಿ ಬೇಕಂತೆ.

ನಾನು ವಿಚಾರ ಮಾಡಬೇಕಿತ್ತಂತೆ. ಇದೇ ಹುಡುಗಿಯ ಮದುವೆಗೆ ಹೋಳಿಗೆಯ ಹೂರಣ ರುಬ್ಬಿದ್ದು ನನ್ನ ಕೈ. ಇವಳ ಗಂಡ ಚಾಳಿನಲ್ಲಿ ಹುಟ್ಟಿದಾಗ ಕೂಸನ್ನು ಸುತ್ತಲು ಮೆತ್ತನೆಯ ಹಳೆಯ ಸೀರೆ ಬೇಕೆಂದು ಈ ಅತ್ತೆಯೇ ನನ್ನ ಬಾಗಿಲಿಗೆ ಹೇಳಿಕಳಿಸಿದ್ದಳು. ನನ್ನದನ್ನೇ ಹರಿದು ಕೊಟ್ಟಿದ್ದೆ. ಆಗ ನನ್ನ ಗಂಡ ಬದುಕಿದ್ದರು, ನನ್ನ ಸೀರೆಗೆ ದೋಷವಿರಲಿಲ್ಲ. ಈಗ ನನ್ನ ಭಜಿ ನಡೆಯುತ್ತದೆ, ನನ್ನ ಸೀರೆ ನಡೆಯುವುದಿಲ್ಲ.

ಭಜಿ ಬಡಿಸಿದೆ. ಬಡಿಸಿ ಬಂದು, ಮಡಿಲಿಗೆ ಬಿದ್ದಿದ್ದ ಬೂದಿ, ಬಿಸ್ಕೀಟು ಎಲ್ಲವನ್ನೂ ತಂದವರ ಚೀಲಕ್ಕೇ ತುರುಕುತ್ತಾ ಹೋದೆ. ಎದುರುಮನೆಯವಳು ನಗುತ್ತಾ, "ಯಾಕ್ರೀ ವೈನಿ, ಸಿಟ್ಟ ಬಂತೇನು?" ಎಂದಳು.

"ಹೂಂ, ಬಂದೈತಿ" ಎಂದೆ.

ಒಬ್ಬಳಿಗೆ ನೌಪಾಡಾದಲ್ಲಿ ಏನೋ ಕೆಲಸ ನೆನಪಾಯಿತು, ಉಳಿದವರೂ ಚಪ್ಪಲಿ ಹುಡುಕಿದರು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಆ ಹುಡುಗಿ, ಒಬ್ಬಳೇ. "ಕಾಕು, ನನಗ ಆ ಸೀರಿ ಭಾಳ ಮನಸಿಗೆ ಬಂದೈತ್ರಿ. ಕ್ಯಾರಿಬ್ಯಾಗಿನ್ಯಾಗ ಹಾಕಿ ಕೊಡ್ರಿ. ಆಫೀಸಿಗೆ ಒಯ್ದು ಅಲ್ಲೇ ಉಟಗೋತೀನಿ. ಅತ್ತಿಯವರಿಗೆ ಹೇಳಬ್ಯಾಡ್ರಿ."

ನಾನು ಒಳಗೆ ಹೋಗಿ ಸೀರೆ ಕೈಗೆ ತೆಗೆದುಕೊಂಡೆ, ಸುಳ್ಳೇಕೆ ಹೇಳಲಿ. ಯಾರಾದರೂ ಉಡಲಿ ಎಂದೇ ಅಲ್ಲವೇ ನಾನು ಅದನ್ನು ತೆಗೆದಿಟ್ಟದ್ದು? ಆದರೆ ಬಾಗಿಲಿಗೆ ಬರುವಷ್ಟರಲ್ಲಿ ಕೈ ಬಿಗಿಯಾಯಿತು. ಅವಳು ಅದನ್ನು ಕಚೇರಿಯ ಪಾಯಖಾನೆಯಲ್ಲಿ ಉಟ್ಟು, ಅಲ್ಲೇ ಬಿಚ್ಚಿ, ಕಳವಿನ ಮಾಲಿನಂತೆ ಚೀಲದ ತಳದಲ್ಲಿಟ್ಟು ಮನೆಗೆ ತರಬೇಕೇ?

"ನಿಮ್ಮತ್ತಿ ಮುಂದ ಉಡತಿದ್ರ ಈಗ ಒಯ್ಯಿ" ಎಂದೆ.

"ಆಗೂದಿಲ್ರಿ ಕಾಕು."

"ಹಂಗಾರ ಬ್ಯಾಡ." ಬಾಗಿಲು ಹಾಕಿದೆ. ಮೆಲ್ಲಗೇನೂ ಹಾಕಲಿಲ್ಲ.

ಮುಂದಿನ ಗುರುವಾರದ ಭಜನೆ ಎದುರುಮನೆಯಲ್ಲೇ ಇತ್ತು. ನಾನು ಹಸಿರು ಸೀರೆ ಉಟ್ಟೆ. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಏನು ದೂರ, ಆದರೂ ಹೊಸಿಲಲ್ಲಿ ನಿಂತು ನೆರಿಗೆ ಎರಡು ಸಲ ಸರಿಮಾಡಿಕೊಂಡೆ. ಯಾವಾಗಲೂ ಗೋಡೆಯ ಹತ್ತಿರ ಕೂರುವವಳು ಅಂದು ನಡುವೆ ಕುಳಿತೆ. ತಾಳ ಹಾಕುತ್ತಿದ್ದ ಎದುರುಮನೆಯವಳ ಲಯ ತಪ್ಪಿತು, ಮತ್ತೆ ಹಿಡಿದಳು. ಮಂಗಳಾರತಿ ಆಯಿತು. ಅವಳು ಕುಂಕುಮದ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಹಚ್ಚುತ್ತಾ ಬಂದಳು. ಅದು ನನ್ನನ್ನು ದಾಟಿ ಹೋಗುವಾಗ ಇಷ್ಟು ವರ್ಷ ನಾನು ನೆಲ ನೋಡುತ್ತಿದ್ದೆ. ಅಂದು ತಲೆ ಎತ್ತಿ ಅವಳ ಮುಖವನ್ನೇ ನೋಡಿದೆ. ಅವಳ ಕೈ ನನ್ನ ಮುಂದೆ ಸ್ವಲ್ಪ ಹೊತ್ತು ನಿಂತಿತು. ಆದರೂ ದಾಟಿತು.