ಕೆಳಗಿನ ಪೈಪು ಹಾಕಿದವರು ಯಾರು

ನನ್ನ ಗೆಳೆಯ ತೀರಿಕೊಂಡ ವಾರದಲ್ಲೇ ಅವನ ಅಣ್ಣ ಸಂತಾಪ ಸಭೆ ಕರೆದ. ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತ, ಕಲ್ಲುಗಣಿಯ ಹಳೇ ಜೀಪು ಯಾಕೆ ಕುದಿಯುತ್ತಿತ್ತೆಂದು ತಾನು ಹೇಗೆ ಪತ್ತೆ ಹಚ್ಚಿದೆ, ತಮ್ಮನಿಗೆ ಹೇಗೆ ತೋರಿಸಿಕೊಟ್ಟೆ ಎಂದು ವಿವರಿಸಿದ. ಗೆಳೆಯನ ಹೆಂಡತಿ ಅರ್ಧಕ್ಕೇ ಎದ್ದು ಹೊರಗೆ ಹೋದಳು. ನಾನು ಕೊನೆಯವರೆಗೂ ಕೂತೆ, ಒಂದು ಮಾತೂ ತಪ್ಪಿಹೋಗಬಾರದೆಂದು. ಆ ಜೀಪಿನ ಪಕ್ಕದಲ್ಲಿ ಆ ದಿನ ನಾನಿದ್ದೆ. ಸತ್ತವನು ಎದ್ದು ಬಂದು ಎದುರುತ್ತರ ಕೊಡುವುದಿಲ್ಲ ಎಂಬ ಧೈರ್ಯ ಆ ಅಣ್ಣನಿಗಿದ್ದರೆ ಇರಲಿ. ನಾನು ಇನ್ನೂ ಸತ್ತಿಲ್ಲ.

ಅಣ್ಣ ತಮ್ಮ ಇಬ್ಬರೂ ಅಪ್ಪನ ಗ್ಯಾರೇಜಿನಲ್ಲೇ ಕೆಲಸ ಕಲಿತವರು. ರೇಡಿಯೇಟರಿನಲ್ಲಿ ತಣ್ಣಗಾದ ನೀರು ಮತ್ತೆ ಇಂಜಿನ್ನಿಗೆ ಹೋಗುವುದು ಕೆಳಗಿನ ರಬ್ಬರ್ ಪೈಪಿನಲ್ಲಿ. ಅದನ್ನು ಬದಲಿಸುವಾಗ ಅಪ್ಪ ಹಳೇ ಪೈಪಿನೊಳಗಿನ ತಂತಿಯ ಸ್ಪ್ರಿಂಗನ್ನು ಎಳೆದು ತೆಗೆದು, ತುಕ್ಕು ಉಜ್ಜಿ, ಹೊಸ ಪೈಪಿನೊಳಗೆ ತಿರುಗಿಸಿ ತೂರಿಸುತ್ತಿದ್ದ. ಅಣ್ಣನಿಗೆ ಅದೊಂದು ತಲೆನೋವು. ಸ್ಪ್ರಿಂಗ್ ಇದ್ದರೆ ಪೈಪು ಬಗ್ಗುವುದಿಲ್ಲ, ಕೂರಿಸಲು ಬೆರಳು ಸವೆಯಬೇಕು. ಅಪ್ಪ ಹೋದ ಮೇಲೆ ಅವನು ಹಳೇ ಪೈಪಿನ ಜೊತೆ ಸ್ಪ್ರಿಂಗನ್ನೂ ಗುಜರಿಗೆ ಎಸೆಯತೊಡಗಿದ. ತಮ್ಮನಿಗೆ ಇದು ತಿಳಿದಿರಲಿಲ್ಲ.

ಕಲ್ಲುಗಣಿಯ ಮೇಸ್ತ್ರಿಯ ಜೀಪು ಗುಡ್ಡ ಹತ್ತುವಾಗ ಕುದಿದು, ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಸೀಳಿಹೋದದ್ದು ಆ ಕಾಲದಲ್ಲೇ. ಆ ಜೀಪಿಗೆ ಪೈಪು ಹಾಕಿದ್ದು ಅಣ್ಣ, ಹೆಡ್ಡಿನ ಬೋಲ್ಟು ಬಿಗಿದದ್ದು ತಮ್ಮ. ಅಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. ಗ್ಯಾರೇಜಿನ ಎದುರಿನ ಚಹಾ ಅಂಗಡಿಯಲ್ಲಿ, ಎಲ್ಲ ಡ್ರೈವರುಗಳ ಮುಂದೆ, "ಇವನು ಮುಟ್ಟಿದ ಗಾಡಿ ಕುಕ್ಕರ್ ತರ ಸೀಟಿ ಹೊಡೆಯುತ್ತೆ" ಎಂದ. ಎಲ್ಲರೂ ನಕ್ಕರು. ಅಂದಿನಿಂದ ನನ್ನ ಗೆಳೆಯನ ಹೆಸರು ಕುಕ್ಕರ್. ಅಪ್ಪನ ಗ್ಯಾರೇಜಿನಿಂದ ಹೊರಬಿದ್ದವನು ಅದೇ ಬೀದಿಯ ತುದಿಯಲ್ಲಿ ತಗಡಿನ ಶೆಡ್ಡು ಹಾಕಿ ಪಂಕ್ಚರು, ಬ್ರೇಕು ಎಂದು ಬದುಕಿದ. ಹೆಡ್ಡಿನ ಕೆಲಸ ಬಂದರೆ ಆಗಲ್ಲವೆಂದು ಕೈಯಾಡಿಸಿ ಕಳಿಸಿಬಿಡುತ್ತಿದ್ದ. ಅವನನ್ನು ತಿಂದದ್ದು ಜನರ ನಗೆಯಲ್ಲ. ತನ್ನ ಕೈಯೇ ತಪ್ಪಿತೇನೋ ಎಂಬ ಅನುಮಾನ. ಮಾತಿನ ನಡುವೆ ಬಲಗೈ ನೋಡಿಕೊಳ್ಳುತ್ತಿದ್ದ. ಅದನ್ನು ನೋಡಿದ ನಾನು ಆ ಅಣ್ಣನನ್ನು ಹೇಗೆ ಕ್ಷಮಿಸಲಿ?

ವರ್ಷಗಳ ನಂತರ ಅದೇ ಮೇಸ್ತ್ರಿ ಅದೇ ಜೀಪಿನಿಂದ ಬೇಸತ್ತು ಶೆಡ್ಡಿಗೆ ಬಂದ.

"ನಿಮ್ಮಣ್ಣ ಎಲ್ಲಾ ಬದಲಿಸಿ ಆಯ್ತಪ್ಪ. ಊರೊಳಗೆ ಓಡಿಸಿದ್ರೆ ತಣ್ಣಗಿರುತ್ತೆ. ಗುಡ್ಡ ಹತ್ತಿಸಿ ಆಕ್ಸಿಲರೇಟರ್ ಒತ್ತಿದ್ರೆ ಕುದಿಯುತ್ತೆ. ನಿಲ್ಲಿಸಿ ಬಾನೆಟ್ ಎತ್ತಿದ್ರೆ ಏನೂ ಕಾಣಲ್ಲ. ದೆವ್ವ ಹಿಡಿದಿದೆಯೋ ಏನೋ."

ಗೆಳೆಯ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಳ್ಳೆಯ ಬೆಳಕೇನೂ ಅಲ್ಲ ಅದು.

"ಸಂಜೆ ಚಹಾ ಅಂಗಡಿ ಮುಂದೆ ನಿಲ್ಲಿಸಿ. ಅಣ್ಣನೂ ಇರಬೇಕು. ಅವನಿಲ್ಲದೆ ನಾನು ಬಾನೆಟ್ ಎತ್ತಲ್ಲ."

ಸಂಜೆ ಡ್ರೈವರುಗಳೆಲ್ಲ ಲೋಟ ಹಿಡಿದು ನಿಂತಿದ್ದರು. ಅಣ್ಣ ಬಿಳಿ ಅಂಗಿಯಲ್ಲಿ ಬಂದ.

"ಏನೋ ಕುಕ್ಕರ್, ಎಷ್ಟು ಸೀಟಿ ಹೊಡೆಸ್ತೀಯಾ ಇವತ್ತು?"

"ನೀನೇ ಎಣಿಸು ಅಣ್ಣ," ಎಂದ ಗೆಳೆಯ. ಬಾನೆಟ್ ಎತ್ತಿ, "ಈ ರೇಡಿಯೇಟರ್ ಯಾರು ಹಾಕಿದ್ದು?" ಎಂದು ಕೇಳಿದ.

"ನಾನೇ. ಹೊಚ್ಚ ಹೊಸದು."

"ವಾಟರ್ ಪಂಪು?"

"ಅದೂ ನಾನೇ. ಥರ್ಮೋಸ್ಟಾಟನ್ನೂ ಕಿತ್ತೆಸೆದೆ. ಮುಗೀತಾ ನಿನ್ನ ಪರೀಕ್ಷೆ?"

"ಕೆಳಗಿನ ಪೈಪು?"

"ನಾನೇ ಕಣೋ."

"ಹೆಡ್ಡು ಹೋಯ್ತಲ್ಲ, ಆವತ್ತು ಇದ್ದ ಪೈಪು?"

"ಅದನ್ನೂ ನಾನೇ ಹಾಕಿದ್ದು. ನಿನ್ನ ಕೈಗೆ ಕೊಡ್ತೀನಾ?"

ಅಣ್ಣ ಸುತ್ತ ನೋಡಿ ನಕ್ಕ. ಗೆಳೆಯ ನಗಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಇಂಜಿನ್ ಚಾಲೂ ಮಾಡಿ ಚೆನ್ನಾಗಿ ಕಾಯಲು ಬಿಟ್ಟ. ಅಣ್ಣನ ಕೈಗೊಂದು ದಪ್ಪ ಬಟ್ಟೆ ಕೊಟ್ಟು, "ಫ್ಯಾನಿಗೆ ತಾಗದ ಹಾಗೆ ಆ ಪೈಪು ಹಿಡ್ಕೋ," ಎಂದ. ಆಮೇಲೆ ತಾನೇ ಬಗ್ಗಿ ಇಂಜಿನ್ನಿನ ವೇಗ ಏರಿಸಿದ. ಪಂಪು ನೀರನ್ನು ಎಳೆಯುವ ರಭಸಕ್ಕೆ ಪೈಪು ಅಣ್ಣನ ಅಂಗೈಯಲ್ಲೇ ಹೊಟ್ಟೆ ಒಳಗೆಳೆದುಕೊಂಡು ಚಪ್ಪಟೆಯಾಯಿತು. ನೀರಿನ ದಾರಿಯೇ ಮುಚ್ಚಿಹೋಯಿತು. ವೇಗ ಇಳಿಸಿದ. ಪೈಪು ಮೊದಲಿನಂತೆ ದುಂಡಗಾಯಿತು, ಏನೂ ಆಗಿಲ್ಲವೆಂಬಂತೆ. ಗುಡ್ಡದಲ್ಲಿ ಗಾಡಿ ನಿಲ್ಲಿಸಿ ನೋಡಿದವರಿಗೆಲ್ಲ ಕಂಡದ್ದು ಈ ದುಂಡು ಪೈಪು ಮಾತ್ರ.

ಮತ್ತೆ ಏರಿಸಿದ. ಮತ್ತೆ ಇಳಿಸಿದ. ಒಮ್ಮೆ ಸಾಕಿತ್ತು, ಅವನಿಗೆ ಸಾಲಲಿಲ್ಲ. ಡ್ರೈವರುಗಳು ಒಬ್ಬೊಬ್ಬರಾಗಿ ಬಗ್ಗಿ ನೋಡುವವರೆಗೂ ಅಣ್ಣನ ಕೈ ಅಲ್ಲೇ ಇರಬೇಕಾಯಿತು.

"ಒಳಗೆ ಸ್ಪ್ರಿಂಗ್ ಇಲ್ಲ," ಎಂದ ಗೆಳೆಯ. "ಅಪ್ಪ ಹಾಕ್ತಿದ್ದ."

ಮೇಸ್ತ್ರಿ ಅಣ್ಣನ ಕಡೆ ತಿರುಗಿದ. "ಹಾಗಾದ್ರೆ ಆವತ್ತು ನನ್ನ ಹೆಡ್ಡು ಹೋಗಿದ್ದು?"

ಅಣ್ಣ ಗಡ್ಡದೊಳಗೆ ಏನೋ ಗೊಣಗಿದ.

"ಜೋರಾಗಿ ಹೇಳಪ್ಪ," ಎಂದಳು ಚಹಾ ಅಂಗಡಿಯಾಕೆ, ಸ್ಟೌ ಆರಿಸಿ. "ಆವತ್ತು ಕುಕ್ಕರ್ ಅಂದಾಗ ಒಳಗಿದ್ದ ನಂಗೂ ಕೇಳಿಸಿತ್ತು."

"ನನ್ನಿಂದ," ಎಂದ ಅಣ್ಣ. "ಹೆಡ್ಡು ಹೋಗಿದ್ದು ನನ್ನಿಂದ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಗೆಳೆಯ ತನ್ನ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ನಿಧಾನವಾಗಿ, ಯಾರದೋ ಕೈಯಿಂದ ಅದನ್ನು ವಾಪಸು ಪಡೆದವನಂತೆ. ಮರುದಿನದಿಂದಲೇ ಹೆಡ್ಡಿನ ಕೆಲಸ ಒಪ್ಪಿಕೊಳ್ಳತೊಡಗಿದ. ಬದುಕಿರುವವರೆಗೂ ಅದೇ ಮಾಡಿದ. ಅವನು ಬಿಗಿದ ಒಂದು ಬೋಲ್ಟೂ ಸಡಿಲವಾದದ್ದನ್ನು ನಾನು ಕೇಳಿಲ್ಲ.

ಅವನು ಅಣ್ಣನನ್ನು ಕ್ಷಮಿಸಿದ ಎಂದು ಆ ಸಂತಾಪ ಸಭೆಯಲ್ಲಿ ಯಾರೋ ಹೇಳಿದರು. ಅದೂ ಸುಳ್ಳು. ಆ ಸಂಜೆ ಇಂಜಿನ್ ನಿಲ್ಲಿಸಿದ ಮೇಲೆ ಅವನು ಶೆಡ್ಡಿನಿಂದ ಒಂದು ಸ್ಪ್ರಿಂಗ್ ತಂದು ಅಣ್ಣನ ಅಂಗೈಗೆ ಹಾಕಿದ. "ನೀನೇ ಹಾಕು." ಅಣ್ಣ ಬಿಳಿ ಅಂಗಿಯಲ್ಲೇ ಜೀಪಿನಡಿ ಅಂಗಾತ ಮಲಗಿದ. ಬಿಚ್ಚಿದ ಪೈಪಿನ ಬಿಸಿನೀರು ಅವನ ತೋಳಿನ ಮೇಲೆ ಇಳಿಯಿತು. ಗೆಳೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತು ಚಹಾ ತರಿಸಿಕೊಂಡ.

"ಪೈಪಿನ ಕ್ಲಿಪ್ಪು ಕೆಳಗೆ ಬಿತ್ತು. ಯಾರಾದ್ರೂ ಟಾರ್ಚ್ ಹಿಡೀರೋ," ಎಂದಿತು ಅಡಿಯಿಂದ ದನಿ.

ಮೇಸ್ತ್ರಿ ಬಗ್ಗಲು ಹೋದ. ಗೆಳೆಯ ಅವನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ.

"ಬಿಡಿ. ತಡಕಾಡಿ ಹುಡುಕ್ಕೊಳ್ಳಲಿ."